ಷಡ್ಜ ಜರುಗಿದರೆ ರಾಗ ಬೇರೆ

ಹಾರ್ಮೋನಿಯಂ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿನ ಕೀಬೋರ್ಡ್ ಆ್ಯಪ್ ಆದರೂ ಸಾಕು. ಬಿಳಿ ಮನೆಗಳನ್ನು ಸದ್ಯಕ್ಕೆ ಮರೆತುಬಿಡಿ, ಬೆರಳು ಕಪ್ಪು ಮನೆಗಳ ಮೇಲೆ ಮಾತ್ರ ಓಡಲಿ. ನಾಲ್ಕೂವರೆ ಮನೆಯನ್ನು ಷಡ್ಜ ಅಂದುಕೊಂಡು ಮೇಲಕ್ಕೆ ಹತ್ತಿ, ಇಳಿಯಿರಿ. ಮೋಹನ ಕೇಳಿಸುತ್ತದೆ. ಧಾರವಾಡದ ಕಡೆಯವರು ಪಕ್ಕದಲ್ಲಿದ್ದರೆ ‘ಭೂಪ’ ಅಂದಾರು. ಈಗ ಮನೆಗಳು ಅವೇ ಐದು ಇರಲಿ, ಷಡ್ಜ ಮಾತ್ರ ಐದೂವರೆಗೆ ಹೋಗಲಿ. ಮೋಹನ ಎದ್ದು ಹೋಗಿ ಅಲ್ಲಿ ಮಧ್ಯಮಾವತಿ ಕೂತಿರುತ್ತದೆ. ಆರೂವರೆಯಿಂದ ಹೊರಟರೆ ಹಿಂದೋಳ, ಒಂದೂವರೆಯಿಂದ ಶುದ್ಧ ಸಾವೇರಿ, ಎರಡೂವರೆಯಿಂದ ಶುದ್ಧ ಧನ್ಯಾಸಿ.

ಶ್ರುತಿಯ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ಕೀಬೋರ್ಡಿನ ಏಳು ಬಿಳಿ ಮನೆಗಳಿಗೆ ನಮ್ಮ ಸಂಗೀತಗಾರರು ಒಂದರಿಂದ ಏಳರವರೆಗೆ ಅಂಕಿ ಕೊಟ್ಟಿದ್ದಾರೆ. ನಡುವಿನ ಐದು ಕಪ್ಪು ಮನೆಗಳು ಅರ್ಧದ ಲೆಕ್ಕ: ಒಂದೂವರೆ, ಎರಡೂವರೆ, ನಾಲ್ಕೂವರೆ, ಐದೂವರೆ, ಆರೂವರೆ. ಮೂರೂವರೆ ಇಲ್ಲ, ಏಳೂವರೆಯೂ ಇಲ್ಲ. ಆ ಎರಡು ಕಡೆ ಕಪ್ಪು ಮನೆ ಇಲ್ಲದಿರುವುದರಿಂದಲೇ ಈ ಆಟ ನಡೆಯುತ್ತದೆ. ಅಂತರಗಳು ಸಮನಾಗಿದ್ದಿದ್ದರೆ ಎಲ್ಲಿಂದ ಹೊರಟರೂ ಒಂದೇ ರಾಗ ಬರುತ್ತಿತ್ತು.

ಕಛೇರಿಗಳಿಗೆ ಹೋಗುವವರಿಗೆ ಈ ಐದು ರಾಗಗಳೂ ಚೆನ್ನಾಗಿ ಪರಿಚಿತ. ಮಧ್ಯಮಾವತಿ ಮಂಗಳದ ರಾಗ, ಅದು ಶುರುವಾದರೆ ಸಭಿಕರು ಚಪ್ಪಲಿ ಎಲ್ಲಿ ಬಿಟ್ಟೆವು ಎಂದು ಯೋಚಿಸತೊಡಗುತ್ತಾರೆ. ಶುದ್ಧ ಸಾವೇರಿ ಎಂದರೆ ಸಂಗೀತ ಪಾಠಕ್ಕೆ ಹೋದ ಮಕ್ಕಳಿಗೆಲ್ಲ ಪುರಂದರದಾಸರ ಗೀತೆಯ ನೆನಪು. ಶುದ್ಧ ಧನ್ಯಾಸಿ ಎಂದೊಡನೆ ಮೈಸೂರು ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರ ‘ಹಿಮಗಿರಿ ತನಯೆ’ ಬಾಯಿಗೆ ಬರುತ್ತದೆ. ಐದರ ಸ್ವಭಾವವೂ ಬೇರೆ, ಹಾಡುವ ಹೊತ್ತೂ ಬೇರೆ. ಆದರೂ ಐದಕ್ಕೂ ಇರುವುದು ಅದೇ ಐದು ಸ್ವರಸ್ಥಾನ. ಷಡ್ಜವನ್ನು ಹೀಗೆ ಒಂದು ಸ್ವರದಿಂದ ಮತ್ತೊಂದಕ್ಕೆ ಜರುಗಿಸಿ ಬೇರೆ ರಾಗ ಪಡೆಯುವುದಕ್ಕೆ ಗ್ರಹಭೇದ ಎನ್ನುತ್ತಾರೆ. ಕೆಲವರು ಶ್ರುತಿಭೇದ ಎನ್ನುವುದೂ ಉಂಟು, ಹಿಂದೂಸ್ತಾನಿಯವರ ಬಾಯಲ್ಲಿ ಅದು ಮೂರ್ಛನೆ.

ಒಂದನ್ನು ಹತ್ತಿರದಿಂದ ನೋಡೋಣ. ಮೋಹನದ ಅಂತರ ಗಾಂಧಾರವನ್ನು ಷಡ್ಜ ಮಾಡಿದೆವು ಎನ್ನಿ. ಅದರ ಮುಂದಿನ ಪಂಚಮ ಈ ಹೊಸ ಷಡ್ಜದಿಂದ ಮೂರು ಸ್ವರಸ್ಥಾನ ಮೇಲಿದೆ, ಅಂದರೆ ಸಾಧಾರಣ ಗಾಂಧಾರ. ಧೈವತ ಐದು ಸ್ಥಾನ ಮೇಲಿದೆ, ಅದು ಶುದ್ಧ ಮಧ್ಯಮ. ಮೋಹನದ ಮೇಲಿನ ಷಡ್ಜ ಇಲ್ಲಿ ಶುದ್ಧ ಧೈವತ. ಮೇಲಿನ ರಿಷಭ ಕೈಶಿಕಿ ನಿಷಾದ. ಸ ಗ ಮ ದ ನಿ, ಹಿಂದೋಳ ಸಿದ್ಧ. ಮೋಹನದಲ್ಲಿ ಎಲ್ಲವನ್ನೂ ಹೊತ್ತು ನಿಂತಿದ್ದ ಷಡ್ಜ ಇಲ್ಲಿ ಒಂದು ಧೈವತವಷ್ಟೆ. ಮದುವೆ ಮನೆಯಲ್ಲಿ ಒಬ್ಬನೇ ಮನುಷ್ಯ ಒಬ್ಬರಿಗೆ ಸೋದರಮಾವ, ಇನ್ನೊಬ್ಬರಿಗೆ ಭಾವ, ಮತ್ತೊಬ್ಬರಿಗೆ ಅಳಿಯ ಆಗಿರುವಂತೆಯೇ ಇದು. ನಾದಕ್ಕೆ ತನ್ನದೇ ಆದ ಹೆಸರಿಲ್ಲ, ಯಾರನ್ನು ಷಡ್ಜ ಎಂದು ಒಪ್ಪಿದ್ದೇವೆ ಎಂಬುದರ ಮೇಲೆ ಅದು ರಿಷಭವೋ ಧೈವತವೋ ಆಗುತ್ತದೆ.

ಬಿಳಿ ಮನೆಗಳ ಬಳಗ

ಇನ್ನು ಬಿಳಿ ಮನೆಗಳಿಗೆ ಬರೋಣ. ಇಲ್ಲಿ ಏಳು ಸ್ವರ ಇರುವುದರಿಂದ ಸಿಗುವುದು ಮೇಳಕರ್ತಗಳೇ, ಅಂದರೆ 72ರ ಪಟ್ಟಿಯ ಜನಕ ರಾಗಗಳು. ಒಂದರಿಂದ ಹೊರಟರೆ 29ನೆಯ ಮೇಳ ಧೀರಶಂಕರಾಭರಣ. ಎರಡರಿಂದ 22ನೆಯ ಖರಹರಪ್ರಿಯ. ಮೂರರಿಂದ 8ನೆಯ ಹನುಮತೋಡಿ. ನಾಲ್ಕರಿಂದ 65ನೆಯ ಮೇಚಕಲ್ಯಾಣಿ, ಐದರಿಂದ 28ನೆಯ ಹರಿಕಾಂಭೋಜಿ, ಆರರಿಂದ 20ನೆಯ ನಟಭೈರವಿ. ಕಛೇರಿಯಲ್ಲಿ ಮುಖ್ಯ ರಾಗವಾಗಿ ಕೂರುವ ತೋಡಿ, ಕಲ್ಯಾಣಿ, ಶಂಕರಾಭರಣ, ಖರಹರಪ್ರಿಯಗಳು ನಾಲ್ಕೂ ಈ ಒಂದೇ ಬಳಗದವು. ನಮ್ಮ ದೊಡ್ಡ ರಾಗಗಳ ಪೈಕಿ ಇಷ್ಟೊಂದು ಒಂದೇ ಕಡೆ ಸೇರಿರುವುದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಏಳನೆಯ ಬಿಳಿ ಮನೆಯಿಂದ ಹೊರಟರೆ ಮಾತ್ರ ದಾರಿ ಕಟ್ಟಾಗುತ್ತದೆ. ಅಲ್ಲಿಂದ ಎಣಿಸಿದರೆ ಪಂಚಮ ಬರಬೇಕಾದ ಜಾಗದಲ್ಲಿ ಬಿಳಿ ಮನೆಯೇ ಇಲ್ಲ. ಒಂದು ಸ್ಥಾನ ಕೆಳಗೆ ಪ್ರತಿ ಮಧ್ಯಮ ಇದೆ, ಅದರ ಹಿಂದೆ ಶುದ್ಧ ಮಧ್ಯಮವೂ ಇದೆ. ಎರಡು ಮಧ್ಯಮ ಇಟ್ಟುಕೊಂಡು ಪಂಚಮ ಇಲ್ಲದ್ದಕ್ಕೆ ಮೇಳಕರ್ತದ ಮನೆಯಲ್ಲಿ ಜಾಗವಿಲ್ಲ.

ಇದೇ ತೊಡಕು ಯುರೋಪಿನವರಿಗೂ ಎದುರಾಗಿತ್ತು. ಅಲ್ಲಿನ ಚರ್ಚ್ ಸಂಗೀತದಲ್ಲಿ ಎಂಟು ಮೋಡ್‌ಗಳ ಲೆಕ್ಕ ಶತಮಾನಗಳಿಂದ ನಡೆದುಬಂದಿತ್ತು. ಸ್ವಿಸ್ ವಿದ್ವಾಂಸ ಗ್ಲಾರಿಯಾನಸ್ 1547ರಲ್ಲಿ ಬಾಸೆಲ್‌ನಿಂದ ‘ಡೋಡೆಕಾಕಾರ್ಡಾನ್’ ಎಂಬ ಗ್ರಂಥ ಹೊರತಂದು, ಎಂಟು ಸಾಲದು, ಹನ್ನೆರಡು ಬೇಕು ಎಂದು ವಾದಿಸಿದ. ನಮ್ಮ ಶಂಕರಾಭರಣದ ಸ್ವರಗಳಿರುವ ಅಯೋನಿಯನ್, ನಟಭೈರವಿಯ ಸ್ವರಗಳಿರುವ ಇಯೋಲಿಯನ್ ಎರಡಕ್ಕೂ ಅಧಿಕೃತ ಸ್ಥಾನ ಕೊಟ್ಟವನು ಆತನೇ. ಖರಹರಪ್ರಿಯ ಅಲ್ಲಿ ಡೋರಿಯನ್, ತೋಡಿ ಫ್ರಿಜಿಯನ್, ಕಲ್ಯಾಣಿ ಲಿಡಿಯನ್, ಹರಿಕಾಂಭೋಜಿ ಮಿಕ್ಸೊಲಿಡಿಯನ್. ಏಳನೆಯ ಮನೆಯಿಂದ ಹೊರಡುವುದನ್ನು ಆತನೂ ತಳ್ಳಿಹಾಕಿದ, ಕಾರಣವೂ ಅದೇ, ಶುದ್ಧ ಪಂಚಮ ಇಲ್ಲ. ಸರಿಯಾಗಿ ಮೂರು ವರ್ಷದ ನಂತರ, 1550ರಲ್ಲಿ, ವಿಜಯನಗರದ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದು ತನ್ನ ಕಾಲದ ರಾಗಗಳನ್ನು 20 ಮೇಳಗಳಲ್ಲಿ ಕೂರಿಸಿದ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಾರರು. ಆದರೆ ಬಾಸೆಲ್ಲಿನಲ್ಲೂ ತುಂಗಭದ್ರೆಯ ದಡದಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸ್ವರಗಳ ಲೆಕ್ಕಪುಸ್ತಕ ತೆರೆದಿತ್ತು.

ಈ ಆರು ಮೇಳಗಳನ್ನು ಬೇರೊಂದು ಬಗೆಯಲ್ಲಿ ಜೋಡಿಸಿದರೆ ನಿಜವಾದ ಸ್ವಾರಸ್ಯ ಕಾಣುತ್ತದೆ. ಈಗ ಷಡ್ಜವನ್ನು ಅಲುಗಿಸಬೇಡಿ. ಕಲ್ಯಾಣಿಯಿಂದ ಶುರುಮಾಡಿ. ಅದರ ಪ್ರತಿ ಮಧ್ಯಮವನ್ನು ಒಂದು ಸ್ಥಾನ ಇಳಿಸಿದರೆ ಶಂಕರಾಭರಣ. ಅಲ್ಲಿ ಕಾಕಲಿ ನಿಷಾದವನ್ನು ಇಳಿಸಿದರೆ ಹರಿಕಾಂಭೋಜಿ. ಗಾಂಧಾರ ಇಳಿದರೆ ಖರಹರಪ್ರಿಯ, ಧೈವತ ಇಳಿದರೆ ನಟಭೈರವಿ, ರಿಷಭವೂ ಇಳಿದರೆ ತೋಡಿ. ಒಂದು ಹೆಜ್ಜೆಗೆ ಒಂದೇ ಸ್ವರ ಬದಲಾಗುತ್ತದೆ, ಒಂದೇ ಒಂದು ಸ್ಥಾನದಷ್ಟು. ಬೆಳಕು ತುಂಬಿದ ಕಲ್ಯಾಣಿಯಿಂದ ಹೊರಟು ಒಂದೊಂದೇ ದೀಪ ತಗ್ಗುತ್ತಾ ತೋಡಿಯ ಗಾಂಭೀರ್ಯಕ್ಕೆ ಬಂದು ನಿಲ್ಲುತ್ತೇವೆ. ಇನ್ನೊಂದು ಹೆಜ್ಜೆ ಇಡಲು ಹೋದರೆ ಇಳಿಯಬೇಕಾದದ್ದು ಪಂಚಮ. ಅದು ಅಚಲ ಸ್ವರ, ಇಳಿಯುವುದಿಲ್ಲ. ಏಳನೆಯ ಬಿಳಿ ಮನೆಯಲ್ಲಿ ಕಟ್ಟಾದದ್ದೂ ಇದೇ ದಾರಿ.

ಸ್ವರಗಳು ಇಳಿದ ಕ್ರಮ ನೋಡಿ: ಮಧ್ಯಮ, ನಿಷಾದ, ಗಾಂಧಾರ, ಧೈವತ, ರಿಷಭ. ಪ್ರತಿಯೊಂದೂ ಹಿಂದಿನದಕ್ಕೆ ಸಂವಾದಿ, ಅಂದರೆ ಷಡ್ಜಕ್ಕೆ ಮಧ್ಯಮವೋ ಪಂಚಮವೋ ಹೊಂದುವಂತೆ ಹೊಂದುವ ಸ್ವರ. ಇದೇ ಆರು ಮೇಳಗಳು ಗ್ರಹಭೇದದಲ್ಲಿ ಶಂಕರಾಭರಣದ ಯಾವ ಸ್ವರದಿಂದ ಹುಟ್ಟಿದವು ಎಂದು ಅದೇ ಸಾಲಿನಲ್ಲಿ ಬರೆದರೆ ಮಧ್ಯಮ, ಷಡ್ಜ, ಪಂಚಮ, ರಿಷಭ, ಧೈವತ, ಗಾಂಧಾರ ಎಂದು ಬರುತ್ತದೆ. ಇದೂ ಸಂವಾದಿಗಳ ಸರಪಣಿಯೇ. ಷಡ್ಜ ಜರುಗಿಸುವುದು ಒಂದು ದಾರಿ, ಷಡ್ಜ ಕದಲಿಸದೆ ಸ್ವರ ಇಳಿಸುವುದು ಇನ್ನೊಂದು ದಾರಿ, ಎರಡೂ ಮುಟ್ಟುವುದು ಅವೇ ಆರು ಮೇಳಗಳಿಗೆ, ಅದೇ ಕ್ರಮದಲ್ಲಿ. ರಾಗಗಳ ನಡುವಿನ ನಂಟನ್ನು ಇಷ್ಟು ಚೊಕ್ಕವಾಗಿ ತೋರಿಸುವ ಇನ್ನೊಂದು ಸಂಗತಿ ನನಗೆ ಸಿಕ್ಕಿಲ್ಲ. ಕಪ್ಪು ಮನೆಗಳ ಐದು ರಾಗಗಳಲ್ಲೂ ಹೀಗೆಯೇ. ಮೋಹನದ ಗಾಂಧಾರ ಮಧ್ಯಮಕ್ಕೆ ಏರಿದರೆ ಶುದ್ಧ ಸಾವೇರಿ, ಅಲ್ಲಿ ಧೈವತ ನಿಷಾದಕ್ಕೆ ಏರಿದರೆ ಮಧ್ಯಮಾವತಿ, ರಿಷಭ ಗಾಂಧಾರಕ್ಕೆ ಏರಿದರೆ ಶುದ್ಧ ಧನ್ಯಾಸಿ, ಕೊನೆಗೆ ಪಂಚಮವೇ ಧೈವತಕ್ಕೆ ಏರಿದರೆ ಹಿಂದೋಳ.

ಉತ್ತರಾದಿಯಲ್ಲೂ ಇದೇ ಕಥೆ. ಹಿಂದೂಸ್ತಾನಿ ಸಂಗೀತಶಾಸ್ತ್ರಜ್ಞ ಭಾತಖಂಡೆಯವರು 1904ರಲ್ಲಿ ದಕ್ಷಿಣ ಭಾರತದಲ್ಲಿ ಸುತ್ತಾಡಿ ಇಲ್ಲಿನ ಮೇಳಪದ್ಧತಿಯನ್ನು ತಿಳಿದುಕೊಂಡು ಹೋದವರು. ಆಮೇಲೆ ಅವರು ಹತ್ತು ಥಾಟ್‌ಗಳನ್ನು ಮಾಡಿದರು. ಕಲ್ಯಾಣ್, ಬಿಲಾವಲ್, ಖಮಾಜ್, ಕಾಫಿ, ಆಸಾವರಿ, ಭೈರವಿ, ಹತ್ತರಲ್ಲಿ ಈ ಆರು ಬಿಳಿ ಮನೆಯ ಬಳಗದವೇ. ಎರಡೂ ಪದ್ಧತಿ ಒಂದೇ ನೆಲದಲ್ಲಿ ಬೇರುಬಿಟ್ಟಿರುವ ಕರ್ನಾಟಕದಲ್ಲಿ ಹೆಸರುಗಳ ಗಲಿಬಿಲಿ ಮಾತ್ರ ನಿತ್ಯದ್ದು. ಮೈಸೂರಿನ ತೋಡಿ ಹುಬ್ಬಳ್ಳಿಯಲ್ಲಿ ಭೈರವಿ ಥಾಟ್, ಹುಬ್ಬಳ್ಳಿಯ ತೋಡಿ ಮೈಸೂರಿನಲ್ಲಿ ಶುಭಪಂತುವರಾಳಿ. ನಮ್ಮ ಹಿಂದೋಳ ಅಲ್ಲಿ ಮಾಲಕಂಸ, ಅಲ್ಲಿನ ಹಿಂಡೋಲ್ ಬೇರೆಯೇ ರಾಗ.

ವೀಣೆಯ ಮೇಲೆ ನಿಂತ ಷಡ್ಜ

ಷಡ್ಜ ಜರುಗಿಸುವುದು ಇತ್ತೀಚಿನ ಚಮತ್ಕಾರ ಎಂದು ತಿಳಿಯುವವರಿದ್ದಾರೆ. ಅಸಲಿಗೆ ನಮ್ಮ ಸಂಗೀತದ ಹಳೆಯ ವ್ಯವಸ್ಥೆಯೇ ಅದು. ಭರತನ ನಾಟ್ಯಶಾಸ್ತ್ರದಲ್ಲಿ ಷಡ್ಜಗ್ರಾಮ, ಮಧ್ಯಮಗ್ರಾಮ ಎಂದು ಎರಡು ಗ್ರಾಮಗಳಿವೆ. ಒಂದೊಂದಕ್ಕೆ ಏಳರಂತೆ ಒಟ್ಟು 14 ಮೂರ್ಛನೆಗಳು. ಷಡ್ಜದಿಂದ ಹೊರಟರೆ ಉತ್ತರಮಂದ್ರಾ, ನಿಷಾದದಿಂದ ಹೊರಟರೆ ರಜನೀ, ಹೀಗೆ. ಅಂದಿನ ವೀಣೆ ಇಂದಿನದಲ್ಲ. ಬಿಲ್ಲಿನ ಹಾಗೆ ಬಾಗಿದ ಮರಕ್ಕೆ ಒಂದೊಂದು ಸ್ವರಕ್ಕೆ ಒಂದೊಂದು ತಂತಿ ಬಿಗಿದ ವಾದ್ಯ. ಅದರಲ್ಲಿ ಯಾವ ತಂತಿಯಿಂದ ಬೇಕಾದರೂ ಹೊರಡಬಹುದು, ತಡೆಯುವವರು ಯಾರೂ ಇಲ್ಲ, ಏಕೆಂದರೆ ಬೆನ್ನ ಹಿಂದೆ ತಂಬೂರಿ ಇರಲಿಲ್ಲ.

ಮೆಟ್ಟಿಲುಗಳುಳ್ಳ ವೀಣೆ ಬಂತು, ಬಿಡದೆ ನುಡಿಯುವ ಆಧಾರಶ್ರುತಿ ಬಂತು. ಷಡ್ಜ ಒಂದು ಕಡೆ ಊರಿ ನಿಂತಿತು. ಹೊರಡುವ ಜಾಗ ಬದಲಿಸುವ ಬದಲು, ನಿಂತ ಷಡ್ಜದ ಮೇಲೆ ಮಿಕ್ಕ ಸ್ವರಗಳನ್ನು ಬದಲಿಸುವ ಕ್ರಮ ರೂಢಿಯಾಯಿತು. ಮೇಳಪದ್ಧತಿ ಹುಟ್ಟಿದ್ದು ಹೀಗೆ. ರಾಮಾಮಾತ್ಯನ ಲೆಕ್ಕವನ್ನು ತುದಿ ಮುಟ್ಟಿಸಿದವನು ವೆಂಕಟಮಖಿ. ತಂಜಾವೂರಿನ ನಾಯಕರಲ್ಲಿ ಮಂತ್ರಿಯಾಗಿದ್ದ ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ. 17ನೆಯ ಶತಮಾನದಲ್ಲಿ ಬರೆದ ‘ಚತುರ್ದಂಡಿಪ್ರಕಾಶಿಕೆ’ಯಲ್ಲಿ ಹನ್ನೆರಡು ಸ್ವರಸ್ಥಾನಗಳಿಂದ 72 ಮೇಳ ಸಾಧ್ಯ ಎಂದು ತೋರಿಸಿದ. ತನ್ನ ಕಾಲಕ್ಕೆ ಚಾಲ್ತಿಯಲ್ಲಿದ್ದವು 19 ಎಂದೂ ಹೇಳಿದ. ಉಳಿದವು ಆಗ ಬರೀ ಲೆಕ್ಕ. ಆ ಲೆಕ್ಕಕ್ಕೆ ಜೀವ ತುಂಬಿದ್ದು ಮುಂದಿನವರ ಕೃತಿಗಳು.

ಇಲ್ಲಿ ಇನ್ನೊಬ್ಬನನ್ನು ನೆನೆಯದೆ ಮುಂದೆ ಹೋಗಲಾಗದು. ಶಿವಗಂಗೆ ಬೆಟ್ಟದ ಬಳಿಯ ಸಾತನೂರಿನ ಪುಂಡರೀಕ ವಿಠಲ. 16ನೆಯ ಶತಮಾನದಲ್ಲಿ ಇಲ್ಲಿಂದ ಹೊರಟು ಖಾನದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ ‘ಸದ್ರಾಗಚಂದ್ರೋದಯ’ ಬರೆದ, ಆಮೇಲೆ ಅಕ್ಬರನ ಕಾಲದ ಉತ್ತರ ಭಾರತದಲ್ಲಿ ನೆಲೆ ಕಂಡುಕೊಂಡ. ಆತನ ‘ನರ್ತನನಿರ್ಣಯ’ವನ್ನು ಮೈಸೂರಿನ ರಾ. ಸತ್ಯನಾರಾಯಣ ಅವರು ಸಂಪಾದಿಸಿಕೊಟ್ಟಿದ್ದಾರೆ. ದಕ್ಷಿಣದ ಮೇಳಗಳನ್ನು ತಲೆಯಲ್ಲಿಟ್ಟುಕೊಂಡು ಉತ್ತರದ ರಾಗಗಳನ್ನು ಕೇಳಿದ ಮನುಷ್ಯ. ‘ಸದ್ರಾಗಚಂದ್ರೋದಯ’ದಲ್ಲಿ ಮೇಳಗಳ ಲೆಕ್ಕ ಹಿಡಿದ ಇದೇ ಪುಂಡರೀಕ ‘ರಾಗಮಾಲಾ’ದಲ್ಲಿ ಸಂಸಾರ ಹೂಡಿದ. ಆರು ಪುರುಷ ರಾಗಗಳು, ಒಂದೊಂದಕ್ಕೆ ಐದು ಹೆಂಡಿರು, ಐದು ಮಕ್ಕಳು. ಈಗಿನವರಿಗೆ ಇದು ತಮಾಷೆ ಅನ್ನಿಸಬಹುದು. ಆದರೆ ಸ್ವರಗಳ ಪಟ್ಟಿ ಗೊತ್ತಿದ್ದವನೇ ಆ ಪಟ್ಟಿ ಸಾಲದು ಎಂದು ಕಂಡುಕೊಂಡ ಎಂಬಂತೆ ನನಗೆ ತೋರುತ್ತದೆ. ರಾಗಗಳ ನಂಟು ಸ್ವರದಿಂದ ಬರುತ್ತದೋ ಚಹರೆಯಿಂದ ಬರುತ್ತದೋ ಎಂಬ ಜಗಳ ಅವನೊಬ್ಬನೊಳಗೇ ನಡೆದಿತ್ತು.

ಮೊದಲ ಪಾಠದೊಳಗೆ ಕೊನೆಯ ಮೇಳ

ಸಂಗೀತ ಪಾಠಕ್ಕೆ ಸೇರಿದ ಮಗು ಮೊದಲು ಹಾಡುವುದು ಮಾಯಾಮಾಳವಗೌಳದ ಸರಳೆ ವರಸೆ. ಅದು 15ನೆಯ ಮೇಳ, ಹಿಂದೂಸ್ತಾನಿಯ ಭೈರವ್ ಥಾಟ್. ಅದರ ಶುದ್ಧ ರಿಷಭವನ್ನು ಷಡ್ಜ ಮಾಡಿ ನೋಡಿ. ಗಾಂಧಾರ ಷಟ್‌ಶ್ರುತಿ ರಿಷಭವಾಗುತ್ತದೆ, ಮಧ್ಯಮ ಅಂತರ ಗಾಂಧಾರ, ಪಂಚಮ ಪ್ರತಿ ಮಧ್ಯಮ, ಧೈವತ ಪಂಚಮ, ನಿಷಾದ ಷಟ್‌ಶ್ರುತಿ ಧೈವತ, ಮೇಲಿನ ಷಡ್ಜ ಕಾಕಲಿ ನಿಷಾದ. ಬಂದದ್ದು ರಸಿಕಪ್ರಿಯ, ಪಟ್ಟಿಯ 72ನೆಯ ಮೇಳ, ಕಟ್ಟಕಡೆಯದು. ವಿವಾದಿ ಸ್ವರಗಳ ಭಾರದಿಂದ ದೊಡ್ಡ ವಿದ್ವಾಂಸರೂ ಅಪರೂಪಕ್ಕೆ ಕೈಹಾಕುವ ಈ ರಾಗ, ಮೊದಲ ದಿನದ ಪಾಠದೊಳಗೇ ಕೂತಿದೆ. ಮಾಯಾಮಾಳವಗೌಳದ ಮಧ್ಯಮವನ್ನು ಷಡ್ಜ ಮಾಡಿದರೆ ಸಿಂಹೇಂದ್ರಮಧ್ಯಮ ಸಿಗುತ್ತದೆ. ಅದು 57ನೆಯದು, ಕಛೇರಿಯಲ್ಲಿ ಎಲ್ಲರಿಗೂ ಪ್ರಿಯ.

ಪಟ್ಟಿಯ ಮೊದಲನೆಯ ಕನಕಾಂಗಿಯ ಕಥೆಯೂ ಇಂಥದೇ. ಕಿವಿಗೆ ಅದು ಒರಟು, ಹಾಡುವವರು ವಿರಳ. ಆದರೆ ಕನಕಾಂಗಿಯ ಶುದ್ಧ ರಿಷಭದಿಂದ ಹೊರಟರೆ ಸಿಗುವುದು 51ನೆಯ ಕಾಮವರ್ಧಿನಿ, ಅಂದರೆ ಪಂತುವರಾಳಿ ಎಂದು ಎಲ್ಲರೂ ಕರೆಯುವ, ಎಲ್ಲ ವೇದಿಕೆಯಲ್ಲೂ ಮೊಳಗುವ ರಾಗ. ಷಡ್ಜ ಅರ್ಧ ಮನೆ ಜರುಗಿದ್ದಕ್ಕೆ ಒಂದು ರಾಗ ಊರೂರು ಸುತ್ತುತ್ತಿದೆ, ಇನ್ನೊಂದು ಪುಸ್ತಕ ಬಿಟ್ಟು ಹೊರಗೆ ಬರುವುದೇ ಕಡಿಮೆ.

ಕೀರವಾಣಿಯ ಮನೆಯಲ್ಲಿ ಹೇಮವತಿ, ವಕುಳಾಭರಣ, ಕೋಸಲ ಇವೆ. ಗೌರಿಮನೋಹರಿ, ನಾಟಕಪ್ರಿಯ, ಚಾರುಕೇಶಿ, ವಾಚಸ್ಪತಿ ನಾಲ್ಕೂ ಒಂದು ಗುಂಪು. ಷಣ್ಮುಖಪ್ರಿಯ, ಶೂಲಿನಿ, ಧೇನುಕ, ಚಿತ್ರಾಂಬರಿ ಇನ್ನೊಂದು. ಆಸಕ್ತಿ ಇದ್ದವರು ಕಾಗದ, ಪೆನ್ನು ಹಿಡಿದು ಕೂತರೆ ಒಂದು ಸಂಜೆ ಸೊಗಸಾಗಿ ಕಳೆದೀತು.

ನಡುಗುವ ಗಾಂಧಾರ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಕೊಡಲೇಬೇಕು. ಶಂಕರಾಭರಣದ ಗಾಂಧಾರವನ್ನು ಷಡ್ಜ ಮಾಡಿದರೆ ತೋಡಿ ಬರುತ್ತದೆ ಎಂದು ಪುಸ್ತಕ ಹೇಳುತ್ತದೆ. ಕೀಬೋರ್ಡಿನಲ್ಲಿ ನುಡಿಸಿ ನೋಡಿ, ತೋಡಿಯ ಸ್ವರಗಳು ಬರುತ್ತವೆ, ತೋಡಿ ಬರುವುದಿಲ್ಲ. ತೋಡಿಯ ಜೀವ ಇರುವುದು ಅದರ ಗಾಂಧಾರದಲ್ಲಿ. ಆ ಗಾಂಧಾರ ಒಂದು ಕಡೆ ನಿಲ್ಲುವುದೇ ಇಲ್ಲ, ಕೆಳಗಿನ ರಿಷಭಕ್ಕೂ ಮೇಲಿನ ಮಧ್ಯಮಕ್ಕೂ ನಡುವೆ ತೂಗುತ್ತಿರುತ್ತದೆ. ವೈಣಿಕರು ಮೆಟ್ಟಿಲ ಮೇಲೆ ತಂತಿಯನ್ನು ಎಳೆದೆಳೆದು ಅದನ್ನು ಹೊರಡಿಸುವುದನ್ನು ನೋಡಿದರೆ ಸಾಕು. ಈಗ ಲೆಕ್ಕ ಹಾಕಿ: ತೋಡಿಯ ಈ ಗಾಂಧಾರ ಶಂಕರಾಭರಣದಲ್ಲಿ ಯಾವ ಸ್ವರ? ಪಂಚಮ. ಎಂದೂ ಅಲುಗಬಾರದ, ಅಚಲ ಪಂಚಮ. ಅದೇ ಸ್ವರಸ್ಥಾನ, ಒಂದು ರಾಗದಲ್ಲಿ ಕಂಬದ ಹಾಗೆ ನಿಲ್ಲಬೇಕು, ಇನ್ನೊಂದರಲ್ಲಿ ನಿಂತರೆ ರಾಗವೇ ಸತ್ತುಹೋಗುತ್ತದೆ.

ಹಾಗಾಗಿ ಗ್ರಹಭೇದದ ಕೋಷ್ಟಕ ಹೇಳುವುದು ಸ್ವರಸ್ಥಾನಗಳ ನಂಟನ್ನು ಮಾತ್ರ. ರಾಗದ ನಂಟು ಅದಕ್ಕಿಂತ ಗಾಢ. ಆರಭಿ, ದೇವಗಾಂಧಾರಿಗಳನ್ನು ತೆಗೆದುಕೊಳ್ಳಿ. ಷಡ್ಜವೂ ಅದೇ, ಆರೋಹಣ ಅವರೋಹಣಗಳೂ ಅವೇ. ಆದರೆ ಆರಭಿ ಚುರುಕು ನಡೆಯದು, ದೇವಗಾಂಧಾರಿ ಎಳೆದು ತೂಗಿ ನಿಧಾನಕ್ಕೆ ಬಿಚ್ಚಿಕೊಳ್ಳುವುದು. ಕೇಳಿದವರಾರೂ ಒಂದನ್ನು ಇನ್ನೊಂದು ಎಂದುಕೊಳ್ಳುವುದಿಲ್ಲ. ಉತ್ತರಾದಿಯಲ್ಲಿ ಭೂಪ, ದೇಶಕಾರ್ ಜೋಡಿ ಹಾಗೆ. ಐದೂ ಸ್ವರ ಒಂದೇ, ಭೂಪದಲ್ಲಿ ಗಾಂಧಾರ ವಾದಿ (ಮುಖ್ಯ ಸ್ವರ), ದೇಶಕಾರ್‌ನಲ್ಲಿ ಧೈವತ. ಒಂದು ಸಂಜೆಯದು, ಇನ್ನೊಂದು ಬೆಳಗಿನದು. ಮಾರ್ವಾ, ಪೂರಿಯಾ, ಸೋಹನಿ ಮೂರಕ್ಕೂ ಅವೇ ಆರು ಸ್ವರ. ಮಾರ್ವಾ ಹಾಡುವಾಗ ಗಾಯಕ ಷಡ್ಜವನ್ನು ಬೇಕೆಂದೇ ದೂರವಿಡುತ್ತಾನೆ, ಕೇಳುವವರಿಗೆ ಷಡ್ಜ ಯಾವುದು ಎಂಬ ಗುಮಾನಿ ಹುಟ್ಟುವಷ್ಟು. ಷಡ್ಜವನ್ನು ಜರುಗಿಸದೆಯೇ ಜರುಗಿದ ಭಾವ ತರುವುದು ಗ್ರಹಭೇದಕ್ಕಿಂತ ದೊಡ್ಡ ಕಲೆ ಎಂದು ನನ್ನ ಅಭಿಪ್ರಾಯ.

ಶ್ರುತಿಯ ಲೆಕ್ಕದಲ್ಲೂ ಒಂದು ಸಣ್ಣ ಬಿರುಕಿದೆ. ಕೀಬೋರ್ಡಿನಲ್ಲಿ ಎಲ್ಲ ಸ್ವರಸ್ಥಾನಗಳ ಅಂತರ ಸಮ, ಅಲ್ಲಿ ಎಲ್ಲಿಂದ ಹೊರಟರೂ ಸರಿ. ತಂಬೂರಿಗೆ ಹೊಂದಿಸಿ ಹಾಡುವ ಗಂಟಲು ಹಾಗಲ್ಲ. ಶುದ್ಧವಾಗಿ ಹಾಡಿದ ಮೋಹನದಲ್ಲಿ ರಿಷಭ ಷಡ್ಜದ 9/8, ಧೈವತ 5/3. ಧೈವತವನ್ನು ಷಡ್ಜ ಮಾಡಿ ಶುದ್ಧ ಧನ್ಯಾಸಿಗೆ ಹೋದರೆ, ಮೇಲಿನ ರಿಷಭ ಅಲ್ಲಿ ಮಧ್ಯಮ. ಅದು 4/3 ಇರಬೇಕಿತ್ತು, ಲೆಕ್ಕಕ್ಕೆ 27/20 ಬರುತ್ತದೆ. ಅಂದರೆ 81/80ರಷ್ಟು ಮೇಲೆ, ಒಂದು ಸ್ವರಸ್ಥಾನದ ಸುಮಾರು ಐದನೇ ಒಂದು ಭಾಗ. ಭರತ ಎರಡು ಗ್ರಾಮಗಳ ಪಂಚಮಗಳ ನಡುವೆ ಗುರುತಿಸಿದ ಪ್ರಮಾಣಶ್ರುತಿಯನ್ನು ವಿದ್ವಾಂಸರು ಸಾಮಾನ್ಯವಾಗಿ ಇದೇ ಅಳತೆಯದೆಂದು ಹೇಳುತ್ತಾರೆ. ಒಳ್ಳೆಯ ಗಾಯಕರು ಗ್ರಹಭೇದ ಮಾಡುವಾಗ ಆ ಮಧ್ಯಮವನ್ನು ಗೊತ್ತಿಲ್ಲದಂತೆಯೇ ಕೂದಲೆಳೆಯಷ್ಟು ತಗ್ಗಿಸಿಕೊಳ್ಳುತ್ತಾರೆ. ಲೆಕ್ಕದಲ್ಲಿ ಇಲ್ಲದ್ದನ್ನು ಕಿವಿ ಸರಿಮಾಡಿಕೊಳ್ಳುತ್ತದೆ.

ವೇದಿಕೆಯ ಮೇಲೆ

ಕಛೇರಿಯಲ್ಲಿ ಗ್ರಹಭೇದ ಬರುವುದು ಸಾಮಾನ್ಯವಾಗಿ ರಾಗಾಲಾಪನೆಯ ನಡುವೆ. ಮೋಹನ ಹಾಡುತ್ತಿದ್ದವರು ಗಾಂಧಾರದ ಮೇಲೆ ನಿಲ್ಲುತ್ತಾರೆ. ನಿಂತು ನಿಂತು ಆ ಗಾಂಧಾರವೇ ಷಡ್ಜ ಎಂದು ನಮ್ಮ ಕಿವಿಯನ್ನು ಒಪ್ಪಿಸುತ್ತಾರೆ. ನಂತರ ಅಲ್ಲಿಂದ ಹಿಂದೋಳದ ಎರಡು ಸಂಚಾರ. ಪಿಟೀಲಿನವರು ಬೆನ್ನಿಗೆ ಬೀಳುತ್ತಾರೆ. ಸಭೆಯಲ್ಲಿ ಒಂದಿಬ್ಬರು ತಲೆ ಎತ್ತಿ ಅಕ್ಕಪಕ್ಕ ನೋಡುತ್ತಾರೆ. ಅಷ್ಟರಲ್ಲಿ ಗಾಯಕರು ಮೋಹನಕ್ಕೆ ಮರಳಿ, ಮೂಲ ಷಡ್ಜಕ್ಕೆ ಬಂದು ನಿಂತಾಗ ಚಪ್ಪಾಳೆ. ಇಡೀ ಹೊತ್ತು ತಂಬೂರಿ ಮಾತ್ರ ಹಳೆಯ ಷಡ್ಜವನ್ನೇ ನುಡಿಯುತ್ತಿರುತ್ತದೆ. ಆ ಎಳೆದಾಟದಲ್ಲೇ ಇದರ ಸೊಗಸಿದೆ, ಅಪಾಯವೂ ಇದೆ. ಎರಡು ಸಂಚಾರಕ್ಕೆ ಮುಗಿದರೆ ಅದು ಮಿಂಚು. ಐದು ನಿಮಿಷ ಎಳೆದರೆ ಮೋಹನವೂ ಉಳಿಯುವುದಿಲ್ಲ, ಹಿಂದೋಳವೂ ಕಟ್ಟುವುದಿಲ್ಲ. ಒಂದೇ ಆಲಾಪನೆಯಲ್ಲಿ ಐದೂ ರಾಗ ತೋರಿಸಿ ಹೆಸರು ಹೇಳುತ್ತಾ ಹೋಗುವವರನ್ನು ಕಂಡರೆ ನನಗೆ ಲೆಕ್ಕದ ಮೇಷ್ಟ್ರ ನೆನಪಾಗುತ್ತದೆ.

ತಂಬೂರಿಯ ಈ ಕಟ್ಟನ್ನು ಜಾಣತನದಿಂದ ದಾಟಿದವರು ಪಂಡಿತ್ ಜಸರಾಜ್. ಅವರ ಕಲ್ಪನೆಯ ಜಸರಂಗಿ ಜುಗಲಬಂದಿಯಲ್ಲಿ ಗಾಯಕ, ಗಾಯಕಿ ಇಬ್ಬರೂ ತಂತಮ್ಮ ಶ್ರುತಿಯಲ್ಲಿ, ಬೇರೆ ಬೇರೆ ರಾಗವನ್ನು ಒಟ್ಟಿಗೆ ಹಾಡುತ್ತಾರೆ. ಗಂಡು ದನಿ ಒಂದೂವರೆ ಮನೆಯಲ್ಲಿ, ಹೆಣ್ಣು ದನಿ ನಾಲ್ಕೂವರೆಯಲ್ಲಿ ಇದ್ದರೆ ಅವನ ಮಧ್ಯಮವೇ ಅವಳ ಷಡ್ಜ. ಅವನು ಆಭೋಗಿ ಹಾಡುತ್ತಿದ್ದರೆ ಅದೇ ಐದು ಸ್ವರಗಳು ಅವಳಿಗೆ ಕಲಾವತಿ. ಇಬ್ಬರೂ ತಮ್ಮ ಷಡ್ಜ ಬಿಟ್ಟುಕೊಡುವುದಿಲ್ಲ, ಸ್ವರ ಮಾತ್ರ ಎಲ್ಲೂ ಘರ್ಷಿಸುವುದಿಲ್ಲ. ದಕ್ಷಿಣದಿಂದ ಉತ್ತರಕ್ಕೆ ಹೋದ ರಾಗ ಆಭೋಗಿ ಎಂಬುದನ್ನು ನೆನಪಿಟ್ಟುಕೊಂಡು ಕೇಳಿದರೆ ನಮಗೆ ಇನ್ನಷ್ಟು ಖುಷಿ. ಗ್ರಹಭೇದವನ್ನು ಪ್ರದರ್ಶನದ ಮಟ್ಟದಿಂದ ಎತ್ತಿ ಸಂಗೀತವಾಗಿಸಿದ ಪ್ರಯೋಗಗಳಲ್ಲಿ ಇದಕ್ಕೆ ನನ್ನ ಮೊದಲ ಮತ.

ಪಾಠದ ಮನೆಗಳಲ್ಲಿ ಈ ವಿಷಯಕ್ಕೆ ಬಂದ ಗತಿ ಮಾತ್ರ ಬೇಸರದ್ದು. ಪರೀಕ್ಷೆಗೆ ಕೂರುವ ಮಕ್ಕಳು ‘ಮೋಹನದ ಗಾಂಧಾರದಿಂದ ಹಿಂದೋಳ, ಪಂಚಮದಿಂದ ಶುದ್ಧ ಸಾವೇರಿ’ ಎಂದು ಮಗ್ಗಿಯ ಹಾಗೆ ಉರುಹಚ್ಚುತ್ತಾರೆ, ಅಂಕವೂ ಬರುತ್ತದೆ. ಹಾಡಿ ತೋರಿಸು ಅಂದರೆ ತಡವರಿಸುತ್ತಾರೆ. ತಪ್ಪು ಅವರದಲ್ಲ, ಕಿವಿಗೆ ಬೀಳಬೇಕಾದದ್ದು ಕೋಷ್ಟಕವಾಗಿ ಕಣ್ಣಿಗೆ ಬಿದ್ದಿದೆ, ಅಷ್ಟೆ.

ಪಾಠ ಹೇಳುವವರಲ್ಲಿ ಒಂದು ಕೋರಿಕೆ. ಗ್ರಹಭೇದ ಕಲಿಸುವ ದಿನ ಮಗುವಿನ ಕೈಯಿಂದ ನೋಟ್ ಪುಸ್ತಕ ತೆಗೆದಿಡಿಸಿ. ಮೋಹನ ಹಾಡಿಸಿ, ಗಾಂಧಾರದಲ್ಲಿ ನಿಲ್ಲಿಸಿ. ಅದು ನಿಂತಿರುವಾಗಲೇ ತಂಬೂರಿಯ ಷಡ್ಜವನ್ನು ಆ ಗಾಂಧಾರಕ್ಕೆ ಬದಲಿಸಿ. ಈಗಿನ ಎಲೆಕ್ಟ್ರಾನಿಕ್ ತಂಬೂರಿಯಲ್ಲಿ ಅದು ಕ್ಷಣದ ಕೆಲಸ. ಹಿಂದೋಳದಲ್ಲಿ ಪಂಚಮವಿಲ್ಲ, ಆದ್ದರಿಂದ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುವುದನ್ನು ಮರೆಯಬೇಡಿ. ಆಮೇಲೆ ಅದೇ ಸ್ವರಗಳಲ್ಲಿ ಮಗು ತನಗೆ ತೋಚಿದಂತೆ ಹಾಡಲಿ. ರಾಗದ ಹೆಸರು ನೀವು ಹೇಳಬೇಡಿ. ‘ಸಾಮಜವರಗಮನ’ ಕೇಳಿದ ಮಗುವಾದರೆ ಅದೇ ಹೇಳುತ್ತದೆ.